ಶನಿವಾರದ ಕೋಟು

ನನ್ನ ಗಂಡ ತೀರಿಕೊಂಡಾಗ ಅವರ ಅಂಗಡಿಯವರು ಚರ್ಚಿಗೆ ಬಂದು ಬೇರೆ ಹೆಂಗಸಿನ ಕೈ ಹಿಡಿದು ಸಮಾಧಾನ ಹೇಳಿದರು. ನಾನು ಪಕ್ಕದಲ್ಲೇ ಕೂತಿದ್ದೆ. ಇದನ್ನು ಹೇಳಬೇಕಾದರೆ ಮೊದಲು ನನ್ನ ನಾದಿನಿ ಆರ್ವೆಲ್ಲಾಳ ವಿಷಯ ಹೇಳಬೇಕು.

ಆರ್ವೆಲ್ಲಾ ನನ್ನ ಗಂಡ ಲೆಮುಯೆಲ್‌ಗೆ ಒಬ್ಬಳೇ ತಂಗಿ. ಒಂದೇ ತಾಯಿ, ಒಂದೇ ತಂದೆ. ಅವರು ಮೈದಾಹಿಟ್ಟಿನ ಹಾಗೆ ಬೆಳ್ಳಗೆ ಹುಟ್ಟಿದರು. ಅವಳು ಕಬ್ಬಿಣದ ಬಾಣಲೆಯ ತಳದ ಹಾಗೆ. ನಮ್ಮ ಕಪ್ಪು ಜನರ ಮನೆಗಳಲ್ಲಿ ಇದು ಇದ್ದದ್ದೇ. ನಮ್ಮವರೇ ತುಂಬಿರುವ ಹಾರ್ಲೆಮ್‌ನಲ್ಲಿ ಯಾರೂ ತಿರುಗಿ ನೋಡುವುದಿಲ್ಲ.

ಮದುವೆಯಾದ ಹೊಸದರಲ್ಲಿ ಲೆಮುಯೆಲ್ ಪೇಟೆಯ ದೊಡ್ಡ ಕೋಟಿನ ಅಂಗಡಿಯಲ್ಲಿ ಕೆಲಸ ಕೇಳಿದರು. ಅಲ್ಲಿ ನಮ್ಮವರಿಗೆ ಪೊರಕೆ ಬಿಟ್ಟು ಬೇರೆ ಕೆಲಸ ಕೊಡುತ್ತಿರಲಿಲ್ಲ. ನೀನು ಯಾರು ಅಂತ ಅವರು ಕೇಳಲಿಲ್ಲ, ಇವರು ಹೇಳಲಿಲ್ಲ. ಬಿಳಿಯ ಅಂದುಕೊಂಡು ಕೆಲಸ ಕೊಟ್ಟರು. ಅಂದಿನಿಂದ ನಾನು ಮನೆಯಲ್ಲಿ ಒಂದು ಕಟ್ಟುಪಾಡು ಮಾಡಿದೆ. ಅಂಗಡಿಯ ಕಡೆ ಅವರನ್ನು ಕಂಡರೆ ಯಾರೂ ಗುರುತು ಹಿಡಿಯಬಾರದು. ಬೆಳಿಗ್ಗೆಯಿಂದ ಸಂಜೆವರೆಗೆ ನನಗೆ ಗಂಡನಿಲ್ಲ, ಆರ್ವೆಲ್ಲಾಗೆ ಅಣ್ಣನಿಲ್ಲ. ಮುಂದೆ ಕಾನೂನು ಬದಲಾಗಿ ನಮ್ಮವರಿಗೂ ಅಂಥ ಕೆಲಸ ಕೊಡಬೇಕಾಯಿತು. ಆದರೂ ಬಾಯಿ ಬಿಡಲು ಆಗಲಿಲ್ಲ. ಬಿಟ್ಟರೆ ಇಷ್ಟು ವರ್ಷ ಸುಳ್ಳು ಹೇಳಿದ ಹಾಗಾಗುತ್ತದೆ, ಕೆಲಸ ಹೋಗುತ್ತದೆ.

ಆರ್ವೆಲ್ಲಾ ಆಫೀಸುಗಳ ನೆಲ ಒರೆಸಿ ಕಾಲೇಜು ಓದಿದಳು. ನಾನು ಕಲಾವಿದೆ ಅಂದಳು. ಬಣ್ಣವಿಲ್ಲ, ಕುಂಚವಿಲ್ಲ, ಒಂದು ಹಳೇ ಟೈಪ್‌ರೈಟರ್. ಹಾಳೆಗಳ ಮೇಲೆ ಟೈಪ್ ಮಾಡಿ ಗೋಡೆಗೆ ಚುಚ್ಚುತ್ತಿದ್ದಳು. ಒಂದು ಹಾಳೆ ನನಗೆ ಬಾಯಿಪಾಠವಾಗಿದೆ. "ಇದನ್ನು ಓದುತ್ತಿರುವ ನೀವು ನಾನು ಯಾರೆಂದು ಆಗಲೇ ತೀರ್ಮಾನ ಮಾಡಿದ್ದೀರಿ. ನಾನಿನ್ನೂ ಮಾಡಿಲ್ಲ." ಅಷ್ಟೇ.

"ಚಿತ್ರ ಎಲ್ಲೇ?" ಅಂತ ಕೇಳಿದ್ದೆ.

"ಓದುವಾಗ ನಿಮ್ಮ ಮುಖ ಒಂಥರಾ ಆಯ್ತಲ್ಲ ಅತ್ತಿಗೆ, ಅದೇ ಚಿತ್ರ."

"ಹಂಗಾದ್ರೆ ಕನ್ನಡಿ ತಗಲಾಕಿದ್ರೆ ಆಗ್ತಿತ್ತಪ್ಪ. ಕಾಗದ ಯಾಕೆ ದಂಡ?"

ಅವಳು ಬಿದ್ದು ಬಿದ್ದು ನಕ್ಕಳು. ಚರ್ಚಿನ ಹೆಂಗಸರು ಹಾಗೆ ನಗುತ್ತಿರಲಿಲ್ಲ. ಟೈಪಿಂಗ್ ಬರೋಳು ಆಫೀಸಲ್ಲಿ ಕೆಲಸ ಮಾಡ್ಬಾರದಾ, ಗಂಡಾದ್ರೂ ಸಿಗ್ತಿದ್ದ ಅನ್ನುತ್ತಿದ್ದರು.

ಕಳೆದ ವರ್ಷ ವಸಂತದಲ್ಲಿ ಪೇಟೆಯ ಒಂದು ಗ್ಯಾಲರಿಯಲ್ಲಿ ಅವಳ ಹಾಳೆಗಳನ್ನು ಹಾಕಿದರು. ಚರ್ಚು ಮುಗಿಸಿ, ಟೋಪಿ ಇಟ್ಟುಕೊಂಡೇ ಹೋದೆ. ಮೊದಲನೇ ಹಾಳೆ ಓದಿದೆ.

"ಶನಿವಾರ. ಕೋಟಿನ ಅಂಗಡಿ. ಅವನು: ಏನು ತೋರಿಸಲಿ ಮೇಡಂ? ನಾನು: ಉಣ್ಣೆಯದು, ನೀಲಿ ಬಣ್ಣ. ಅವನು: ನಿಮ್ಮ ಅಳತೆ? ನನ್ನ ಅಳತೆ ಅವನಿಗೆ ಗೊತ್ತು. ನನಗೆ ಮೊದಲ ಕೋಟು ಕೊಡಿಸಿದವನು ಅವನೇ."

ಮುಂದಿನ ಹಾಳೆಯೂ ಶನಿವಾರ. ಅದರ ಮುಂದಿನದೂ. ಆ ಚಳಿಗಾಲವೆಲ್ಲ ಪ್ರತಿ ಶನಿವಾರ ಅವಳು ಅಣ್ಣನ ಅಂಗಡಿಗೆ ಹೋಗಿ, ಯಾರೋ ಗಿರಾಕಿಯ ಹಾಗೆ ಕೋಟು ಹಾಕಿ ನೋಡಿ, ಕೊಳ್ಳದೆ ಬಂದಿದ್ದಳು. ಆಡಿದ ಮಾತೆಲ್ಲ ಬರೆದಿದ್ದಳು. ಮಾರನೇ ದಿನ ಭಾನುವಾರ ಇಬ್ಬರೂ ನನ್ನ ಮೇಜಿನಲ್ಲೇ ಊಟಕ್ಕೆ ಕೂರುತ್ತಿದ್ದರು. ಅವಳು ಕೋಳಿ ಬಡಿಸುತ್ತಿದ್ದಳು, ಇವರು ಇನ್ನೊಂದು ತುಂಡು ಹಾಕು ಅನ್ನುತ್ತಿದ್ದರು. ಒಬ್ಬರೂ ನನಗೆ ಒಂದು ಮಾತು ಹೇಳಿರಲಿಲ್ಲ.

ನೇರ ಅವಳ ಕೋಣೆಗೆ ಹೋದೆ.

"ಅಣ್ಣನ ಅನ್ನಕ್ಕೆ ಕಲ್ಲು ಹಾಕ್ತಿದೀಯಲ್ಲೇ."

"ಹೆಸರು ಹಾಕಿಲ್ಲ ಅತ್ತಿಗೆ. ಅಂಗಡಿ ಹೆಸರೂ ಹಾಕಿಲ್ಲ."

"ಗೊತ್ತಿರೋರಿಗೆ ಹೆಸರು ಯಾಕೆ ಬೇಕು? ಮೊದಲು ಕಿತ್ತುಹಾಕು ಅವನ್ನ."

"ಅಣ್ಣ ತೆಗಿ ಅಂದ್ರೆ ತೆಗೀತೀನಿ. ನೀವು ಹೇಳಿದ್ರೆ ಇಲ್ಲ."

ರಜೆಯ ದಿನ ಲೆಮುಯೆಲ್ ತಾವೇ ಗ್ಯಾಲರಿಗೆ ಹೋದರು. ನಾನು ಆಲೂಗಡ್ಡೆ ಸುಲಿಯುತ್ತ ಕಾದೆ. ಬಂದು ಟೋಪಿ ತೂಗುಹಾಕಿದರು, ಕೂತರು.

"ಒಂದು ಬಿಟ್ಟಿದಾಳೆ," ಅಂದರು.

"ಏನು?"

"ಕೊನೇ ಶನಿವಾರ ನಾನು ಅವಳ ಕೋಟಿನ ಮೇಲಿನ ಗುಂಡಿ ಹಾಕ್ದೆ. ಕತ್ತಿನ ಹತ್ರದ್ದು. ಚಿಕ್ಕೋಳಿದ್ದಾಗ ಸ್ಕೂಲಿಗೆ ಕಳಿಸುವಾಗ ಹಾಕ್ತಿದ್ನಲ್ಲ, ಹಂಗೆ. ಕೀಟಿಂಗ್ ನೋಡ್ತಾ ನಿಂತಿದ್ದ."

ಕೀಟಿಂಗ್ ಅಂದರೆ ಅಂಗಡಿಯ ಮ್ಯಾನೇಜರ್. ಬಿಳಿಯ ಸೇಲ್ಸ್‌ಮನ್ ಕಪ್ಪು ಹೆಂಗಸಿನ ಕತ್ತಿಗೆ ಕೈ ಹಾಕುವುದಿಲ್ಲ.

"ಅದು ಗೋಡೆಗೆ ಬಂದ್ರೆ ಕೆಲಸ ಹೋಗತ್ತೆ," ಅಂದೆ.

"ಅದಕ್ಕೇ ಬಿಟ್ಟಿದಾಳೆ. ಹೋಗಿ ಹೇಳು, ಬರೀಲಿ."

ನನ್ನ ಕೈಯಲ್ಲಿ ಚಾಕು ಹಾಗೇ ಇತ್ತು. ಇಷ್ಟು ವರ್ಷ ಗುಟ್ಟು ಕಾಯ್ದವರು ಹೀಗೆ ಹೇಳುತ್ತಾರೆಂದು ನಾನು ಅಂದುಕೊಂಡಿರಲಿಲ್ಲ. ಹೋಗಿ ಹೇಳಿದೆ. ಆ ಹಾಳೆಯೂ ಗೋಡೆ ಹತ್ತಿತು. ಅಂಗಡಿಯವರು ಯಾರೂ ಗ್ಯಾಲರಿಯ ಕಡೆ ತಲೆಹಾಕಲಿಲ್ಲ. ಕೆಲಸ ಹೋಗಲಿಲ್ಲ. ಈ ಶರತ್ಕಾಲದಲ್ಲಿ ಅದೇ ಅಂಗಡಿಯಲ್ಲಿ, ತೋಳಿನ ಮೇಲೆ ಯಾರದೋ ಕೋಟು ಇದ್ದ ಹಾಗೇ, ಅವರ ಎದೆಬಡಿತ ನಿಂತುಹೋಯಿತು.

ಯಾವ ಚರ್ಚು ಅಂತ ಕೀಟಿಂಗ್ ಫೋನಿನಲ್ಲಿ ಕೇಳಿದ. ಹೇಳಿಬಿಟ್ಟೆ. ಬರಬೇಡಿ ಅನ್ನಲು ಆಗ ತಲೆ ಓಡಲಿಲ್ಲ.

ಅವನೂ ಇನ್ನಿಬ್ಬರೂ ಬಂದರು. ಚರ್ಚು ತಪ್ಪಿ ಬಂದೆವೇನೋ ಅಂತ ಬಾಗಿಲಲ್ಲಿ ನಿಂತರು. ಆಮೇಲೆ ತೆರೆದ ಶವಪೆಟ್ಟಿಗೆಯಲ್ಲಿದ್ದ ಲೆಮುಯೆಲ್‌ರ ಮುಖ ಕಂಡು ಒಳಗೆ ಬಂದರು. ಮುಂದಿನ ಬೆಂಚಿನಲ್ಲಿ ನಾನು, ಒಂದು ಪಕ್ಕ ಆರ್ವೆಲ್ಲಾ, ಇನ್ನೊಂದು ಪಕ್ಕ ನನ್ನ ಗಂಡನ ದೊಡ್ಡಪ್ಪನ ಮಗಳು ಫ್ಲೋರೀನ್. ಫ್ಲೋರೀನ್ ಲೆಮುಯೆಲ್‌ಗಿಂತ ಬೆಳ್ಳಗೆ. ಕೀಟಿಂಗ್ ಬಗ್ಗಿ ಅವಳ ಕೈ ಹಿಡಿದ.

"ಮಿಸೆಸ್ ಗ್ಯಾಸ್ಕಿನ್, ನಿಮ್ಮ ಯಜಮಾನ್ರಂಥವರು ನಮಗೆ ಇನ್ನು ಸಿಗಲ್ಲ."

ಕೀಟಿಂಗ್ ನನ್ನ ಕಡೆ ತಿರುಗಿದ. ದನಿ ಮೆತ್ತಗೆ ಮಾಡಿಕೊಂಡ.

"ನೀವು ಇವ್ರ ಮನೇಲಿ ಬಹಳ ವರ್ಷದಿಂದ ಇದೀರಾ?"

"ಹೌದು," ಅಂದೆ. "ಮದುವೆ ಆದಾಗಿಂದ."

ನನ್ನನ್ನು ಮನೆಗೆಲಸದವಳು ಅಂದುಕೊಂಡಿದ್ದ ಅವನಿಗೆ ಅರ್ಥವಾಗಲಿಲ್ಲ. ನನ್ನ ಹಿಂದೆ ಹೆಂಗಸರ ಕೈಯ ಬೀಸಣಿಗೆಗಳು ನಿಂತವು. ಆರ್ವೆಲ್ಲಾ ಎದ್ದಳು. ಕೀಟಿಂಗ್ ಅವಳನ್ನು ಗುರುತು ಹಿಡಿದ.

"ನೀವು... ಶನಿವಾರ ಬರ್ತಿದ್ರಲ್ಲ? ಯಾವತ್ತೂ ಒಂದು ಕೋಟೂ ತಗೊಳ್ಳಲಿಲ್ಲ."

ಆರ್ವೆಲ್ಲಾ ನನ್ನ ಮುಖ ನೋಡಿದಳು. ಕಟ್ಟುಪಾಡು ಮಾಡಿದವಳು ನಾನು, ಅದಕ್ಕೇ ನನ್ನನ್ನು ಕೇಳುತ್ತಿದ್ದಳು. ನಾನು ಹೂಂ ಅಂತ ತಲೆ ಆಡಿಸಿದೆ.

"ಅವನು ನಮ್ಮಣ್ಣ," ಅಂದಳು. "ಇವರು ಅವನ ಹೆಂಡತಿ."

ಕೀಟಿಂಗ್ ಕೈ ಚಾಚುತ್ತಾನೆ ಅಂದುಕೊಂಡೆ. ಚಾಚಲಿಲ್ಲ. ತಿರುಗಿ ಪೆಟ್ಟಿಗೆಯ ಹತ್ತಿರ ಹೋದ. ಬಗ್ಗಿ ಲೆಮುಯೆಲ್‌ರ ಮೂಗು ನೋಡಿದ, ತುಟಿ ನೋಡಿದ, ಉಗುರು ನೋಡಿದ. ಎಷ್ಟೋ ವರ್ಷ ಆ ಮುಖದ ಎದುರು ಕೂತು ಮಧ್ಯಾಹ್ನದ ಊಟ ಮಾಡಿದವನು. ಈಗ ಅದರಲ್ಲಿ ನಮ್ಮವರ ಗುರುತು ಹುಡುಕುತ್ತಿದ್ದ. ಉಳಿದಿಬ್ಬರೂ ಹೋಗಿ ಹುಡುಕಿದರು.

ನಾನು ಎದ್ದೆ. ಪೆಟ್ಟಿಗೆಯವರಿಗೆ ಹೇಳಿದೆ.

"ಮುಚ್ಚಿ."

"ಇನ್ನೂ ಪ್ರಾರ್ಥನೆ ಆಗಿಲ್ಲ ಸಿಸ್ಟರ್ ಗ್ಯಾಸ್ಕಿನ್."

"ಮುಚ್ಚಿ ಅಂದೆ."

ಮುಚ್ಚಿದರು. ನನಗೂ ಇನ್ನೊಂದು ಸಲ ನೋಡಬೇಕಿತ್ತು. ನೋಡಲಿಲ್ಲ.

ಆಮೇಲೆ ಆರ್ವೆಲ್ಲಾ ಟೈಪ್‌ರೈಟರ್ ತಂದು ನನ್ನ ಅಡುಗೆಮನೆಯ ಮೇಜಿನ ಮೇಲೆ ಇಟ್ಟಳು. ಹಾಳೆ ಸಿಕ್ಕಿಸಿ ದಿನವೂ ಕೂತಳು. ಒಂದಕ್ಷರ ಬೀಳಲಿಲ್ಲ.

"ನಂಗೆ ಆಗ್ತಿಲ್ಲ ಅತ್ತಿಗೆ. ಅವ್ರು ಹಿಡಿಯದೆ ಹೋಗಿದ್ದು ನಿಮ್ಮ ಕೈನ. ನೀವೇ ಬರೀಬೇಕು."

"ನಂಗೆ ಟೈಪಿಂಗ್ ಬರಲ್ಲ. ನಾಲ್ಕನೇ ಕ್ಲಾಸಿಗೆ ಬಿಟ್ಟೋಳು ನಾನು."

"ಪೆನ್ಸಿಲ್ ಹಿಡಿಯೋಕೆ ಬರತ್ತಲ್ಲ."

ಅದಕ್ಕೆ ಬರೆದೆ. ಗುಂಡಿಯ ಹಾಳೆಯ ಪಕ್ಕ ಇದನ್ನು ಹಾಕುತ್ತಾಳಂತೆ. ಅವಳು ಒಂದು ಸಾಲೂ ತಿದ್ದಲಿಲ್ಲ. ಕೆಳಗೆ ಹೆಸರು ಹಾಕಿ ಅಂದಳು.

ಝೆಲ್ಮಾ ಗ್ಯಾಸ್ಕಿನ್. ಲೆಮುಯೆಲ್ ಗ್ಯಾಸ್ಕಿನ್‌ರ ಹೆಂಡತಿ.