ಹೊಂಬಳದ ಬಾವಿಯಲ್ಲಿ ನಾನು ಹೇಳದೆ ಬಿಟ್ಟದ್ದು

ನನ್ನ ಬಲ ಭುಜದ ಸ್ನಾಯು ಹರಿದು ಮೂರು ತಿಂಗಳಾಗಿದ್ದಾಗ ಚಿಕ್ಕಪ್ಪನ ಮಗಳು ಸ್ಕೂಬಾ ಡೈವಿಂಗ್ ಕಲಿಯಲು ಹೆಸರು ಕೊಟ್ಟಳು. ಅದೂ ಕರಾವಳಿಯಲ್ಲಿ ನಾನು ತರಬೇತಿ ಪಡೆಯುತ್ತಿದ್ದ ಕೇಂದ್ರದಲ್ಲೇ.

ಎಂ.ಎಸ್ಸಿ. ಮುಗಿಸಿದ ಮೇಲೆ ಈ ತರಬೇತಿಗೆ ಮನೆಯವರನ್ನು ಒಪ್ಪಿಸಲು ನನಗೆ ಒಂದು ವರ್ಷ ಹಿಡಿದಿತ್ತು. ಪ್ರವಾಸಿಗರನ್ನು ಸಮುದ್ರದೊಳಗೆ ಕರೆದೊಯ್ಯುವ ವೃತ್ತಿಪರ ಡೈವರ್ ಆಗಲು ಒಂದೇ ಹಂತ ಬಾಕಿ ಇತ್ತು. ಮಳೆಗಾಲದಲ್ಲಿ ಕೇಂದ್ರ ಮುಚ್ಚಿರುತ್ತದೆ. ಆ ಬಿಡುವಿಗೆ ಬೆಟಗೇರಿಯ ಮನೆಗೆ ಬಂದಾಗ, ಶಿರಹಟ್ಟಿ ದಾಟಿ ಲಕ್ಷ್ಮೇಶ್ವರದ ಕಡೆ ಹೋಗುತ್ತಿದ್ದ ನನ್ನ ಸ್ಕೂಟರ್ ಜಾರಿತು. ಆರು ತಿಂಗಳು ಬೆನ್ನಿಗೆ ಭಾರ ಹಾಕಬಾರದು ಎಂದರು ಗದಗಿನ ಡಾಕ್ಟರು. ಡೈವ್ ಮಾಡುವಾಗ ಬೆನ್ನಿಗೆ ಕಟ್ಟುವ ಗಾಳಿಯ ಸಿಲಿಂಡರಿನ ತೂಕ ಹೇಳಿದೆ. ಹಾಗಿದ್ದರೆ ಒಂಬತ್ತು ತಿಂಗಳು ಎಂದರು.

ಈ ತಂಗಿ ಮುಂಡರಗಿಯವಳು, ನನಗಿಂತ ನಾಲ್ಕು ವರ್ಷ ಚಿಕ್ಕವಳು. ಹೊರಡುವ ಮುಂಚೆ ಅಭ್ಯಾಸ ಮಾಡಿಸು ಎಂದು ನನ್ನನ್ನು ಹೊಂಬಳಕ್ಕೆ, ನಮ್ಮ ಹೊಲದ ಬಾವಿಗೆ ಎಳೆದೊಯ್ದಳು. ನಮ್ಮ ಮನೆತನದ ಮಕ್ಕಳೆಲ್ಲ ಈಜು ಕಲಿತದ್ದು ಅಲ್ಲಿಯೇ. ದೊಡ್ಡಪ್ಪ ಬಿಳಿ ಬಟ್ಟೆ ಸುತ್ತಿದ ಕಲ್ಲನ್ನು ನೀರಿಗೆ ಎಸೆಯುತ್ತಿದ್ದರು. ತಳ ಮುಟ್ಟಿ ಉಸಿರು ಕಟ್ಟಿ ಯಾರು ಹೆಚ್ಚು ಹೊತ್ತು ಕೂರುತ್ತಾರೋ ಸಂಜೆಯ ಮೊದಲ ಮಿರ್ಚಿ ಬಜ್ಜಿ ಅವರಿಗೆ. ಅವಳು ಬಾವಿಗಿಳಿದ ವರ್ಷದಿಂದ ನನಗೆ ಸಿಗುತ್ತಿದ್ದುದು ಎರಡನೆಯದು.

ಈಗಲೂ ಅವಳು ದಂಡೆಯಿಂದಲೇ ಹಾರಿದಳು. ನಾನು ಮೆಟ್ಟಿಲ ಮೇಲೆ ಕುಳಿತು, ಫಿಸಿಯೋಥೆರಪಿಯವರು ಕೊಟ್ಟ ರಬ್ಬರ್ ಪಟ್ಟಿಯನ್ನು ಎಣಿಸಿ ಎಳೆಯುತ್ತಿದ್ದೆ. ಅವಳು ಮೇಲೆ ಬಂದು ಎಷ್ಟಾಯಿತೆಂದು ಕೇಳಿದಳು. ನನ್ನ ಕೈಗಡಿಯಾರದಲ್ಲಿ ಎರಡು ನಿಮಿಷಕ್ಕೆ ಹತ್ತು ಸೆಕೆಂಡು ಕಡಿಮೆ. ಕಡಿಮೆ ಮಾಡಿ ಹೇಳುವ ಆಸೆಯಾಯಿತು, ಆದರೆ ಇದ್ದದ್ದನ್ನೇ ಹೇಳಿದೆ.

"ಅಲ್ಲಿ ನನ್ನ ದಮ್ ನೋಡಿ ಅವರು ಗಾಬರಿ ಆಗಬೇಕ ನೋಡಕ್ಕ," ಅಂದಳು.

ಆಗ ನಾನು ಒಂದು ಮಾತು ಹೇಳಬೇಕಿತ್ತು. ಸಿಲಿಂಡರಿನ ಗಾಳಿ ಉಸಿರಾಡುವವರು ನೀರಿನೊಳಗೆ ಎಂದೂ ಉಸಿರು ಕಟ್ಟಬಾರದು. ಕಟ್ಟಿಕೊಂಡು ಮೇಲೆ ಬಂದರೆ ಒಳಗಿನ ಗಾಳಿ ಹಿಗ್ಗಿ ಶ್ವಾಸಕೋಶ ಹರಿಯಬಹುದು. ಇದು ಮೊದಲ ಪಾಠದಲ್ಲೇ ಇದೆ. ನಾನೂ ಓದಿ, ಪರೀಕ್ಷೆಯಲ್ಲಿ ಸರಿಯಾಗಿ ಬರೆದಿದ್ದೆ. ಆದರೂ ಬಾವಿಯಲ್ಲಿ ಬೆಳೆದ ದೇಹ ಕೇಳಲಿಲ್ಲ. ಮೂರನೆಯ ಡೈವಿನಲ್ಲಿ ಉಸಿರು ಕಟ್ಟಿ ಏಳುತ್ತಿದ್ದ ನನ್ನ ಕಾಲನ್ನು ತರಬೇತುದಾರರು ಹಿಡಿದು, ಬಾಯಿಂದ ಗುಳ್ಳೆ ಬರುವವರೆಗೂ ಬಿಡಲಿಲ್ಲ. ಆಮೇಲೆ ದೋಣಿಯಲ್ಲಿ ಎಲ್ಲರೆದುರು ಬೈದರು.

"ಚೊಲೋ ಐತಿ," ಅಂದೆ ತಂಗಿಗೆ.

ಅಲ್ಲಿ ಹೇಗೂ ಕಲಿಸುತ್ತಾರೆ ಎಂದು ಸಮಾಧಾನ ಹೇಳಿಕೊಂಡೆ. ನಿಜವಾಗಿ ನನಗೆ ಬೇಕಿದ್ದುದು, ಅವಳ ಕಾಲನ್ನೂ ಒಮ್ಮೆ ಯಾರಾದರೂ ಹಿಡಿದು ಎಳೆಯಲಿ ಎಂಬುದು.

ಅವಳು ಹೋಗಿ ಎರಡನೆಯ ದಿನ ಸಂಜೆ ಫೋನ್ ಮಾಡಿದಳು. ಈಜುಕೊಳದ ಅಭ್ಯಾಸ ಮುಗಿದಿತ್ತು, ಮರುದಿನ ಸಮುದ್ರ. ಆರು ಮಂದಿಯಲ್ಲಿ ಅವಳ ಸಿಲಿಂಡರಿನಲ್ಲೇ ಹೆಚ್ಚು ಗಾಳಿ ಉಳಿದಿತ್ತಂತೆ, ಸರ್ ಶಾಬಾಶ್ ಅಂದರಂತೆ. ನನ್ನ ಕಾಲು ಹಿಡಿದ ಅದೇ ಸರ್ ನನಗೆ ಒಮ್ಮೆಯೂ ಹಾಗೆ ಅಂದವರಲ್ಲ. ಮೊದಲು ನನ್ನನ್ನು ಚುಚ್ಚಿದ್ದು ಆ ಶಾಬಾಶ್. ಗಾಳಿ ಯಾಕೆ ಉಳಿಯಿತು ಎಂಬುದು ಆಮೇಲೆ ಹೊಳೆಯಿತು. ಅವಳು ಒಂದು ಉಸಿರಿಗೂ ಇನ್ನೊಂದಕ್ಕೂ ನಡುವೆ ದಮ್ ಕಟ್ಟುತ್ತಿದ್ದಳು. ಹೊಳೆದ ಮೇಲೂ ನಾನು ಒಳ್ಳೆಯದು ಎಂದು ಹೇಳಿ ಫೋನ್ ಇಟ್ಟೆ.

ಬೆಳಿಗ್ಗೆ ಗೋಡೆಯ ಮೇಲೆ ಬೆರಳು ನಡೆಸುವ ವ್ಯಾಯಾಮಕ್ಕೆ ನಿಂತೆ. ಕೈ ಕಿವಿಯ ಮಟ್ಟಕ್ಕೂ ಏರಲಿಲ್ಲ. ದೋಣಿ ಏಳಕ್ಕೆ ಹೊರಡುತ್ತದೆಂದು ನನಗೆ ಗೊತ್ತಿತ್ತು. ಆರೂವರೆಗೆ ಫೋನ್ ಮಾಡಿದೆ. ಉಸಿರು ಒಮ್ಮೆಯೂ ಕಟ್ಟಬೇಡ, ಮೇಲೆ ಬರುವಾಗ ಗಾಳಿ ಬಿಡುತ್ತಲೇ ಇರು, ದೋಣಿ ಹತ್ತುವ ಮುಂಚೆ ಸರ್‌ಗೆ ನಿನ್ನ ದಮ್ ಕಟ್ಟುವ ಅಭ್ಯಾಸ ಹೇಳು ಎಂದೆ. ನಾನೂ ಅದೇ ತಪ್ಪು ಮಾಡಿದ್ದೆ ಎಂದೂ ಹೇಳಿದೆ.

"ಇದನ್ನ ಬಾವ್ಯಾಗ ಯಾಕ ಹೇಳಲಿಲ್ಲ?"

ಮರೆತೆ ಎನ್ನಬಹುದಿತ್ತು. "ನೀನೂ ಒಮ್ಮಿ ಬೈಸ್ಕೋಬೇಕಂತ," ಅಂದೆ.

ಆ ಕಡೆ ದೋಣಿಯ ಎಂಜಿನ್ ಶುರುವಾದ ಸದ್ದು ಕೇಳಿಸಿತು.

"ಬರೇ ಬೈತಿದ್ರನಕ್ಕ?"

"ಇಲ್ಲ."

"ಆತು," ಎಂದು ಇಟ್ಟಳು.

ಅವಳು ಸರ್‌ಗೆ ಹೇಳಿದಳು. ಆ ದಿನ ಉಳಿದ ಐವರು ಸಮುದ್ರಕ್ಕೆ ಹೋದರು, ಅವಳೊಬ್ಬಳು ಮತ್ತೆ ಈಜುಕೊಳದಲ್ಲಿ ಅಭ್ಯಾಸ ಮಾಡಿದಳು. ಸಮುದ್ರಕ್ಕಿಳಿದದ್ದು ಮರುದಿನ.

ಅವಳು ಮುಂಡರಗಿಗೆ ಮರಳಿದಾಗ ನೋಡಲು ಹೋದೆ. ಒಂದು ದಿನ ತಡವೇಕಾಯಿತು ಎಂದು ಚಿಕ್ಕಮ್ಮ ವಿಚಾರಿಸಿದರು. ತನ್ನ ತಪ್ಪೊಂದನ್ನು ಅಕ್ಕ ಫೋನಿನಲ್ಲೇ ಹಿಡಿದಳು ಎಂದು ತಂಗಿ ಹೇಳಿದಳು, ಉಳಿದದ್ದು ಹೇಳಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ಚಿಕ್ಕಮ್ಮ ನನ್ನ ತಟ್ಟೆಗೆ ಇನ್ನಷ್ಟು ಗಿರ್ಮಿಟ್ ಹಾಕಿದರು. ತಿನ್ನುವುದು ಕಷ್ಟವಾಯಿತು.

ಅವಳ ಡೈವಿಂಗ್ ದಿನಚರಿಯ ಪುಸ್ತಕ ಮೇಜಿನ ಮೇಲಿತ್ತು. ಸಮುದ್ರದ ನಾಲ್ಕು ಡೈವ್ ಬರೆದಿದ್ದಳು. ಉಳಿದ ಗಾಳಿಯ ಅಂಕಿಗಳನ್ನು ಮೊದಲು ನೋಡಿದೆ. ನಾಲ್ಕರಲ್ಲೂ ಹೊಸಬರಿಗೆ ಉಳಿಯುವಷ್ಟೇ ಉಳಿದಿತ್ತು, ಹೆಚ್ಚಿಲ್ಲ. ಎದೆ ಹಗುರಾಯಿತು. ಅದರ ಕೆಳಗೆ ನೀರು ಎಷ್ಟು ದೂರ ಕಾಣುತ್ತಿತ್ತು ಎಂಬ ಸಾಲು. ಇಪ್ಪತ್ತು ಮೀಟರ್ ಎಂದು ಬರೆದು ಕೆಳಗೆ ಗೆರೆ ಎಳೆದಿದ್ದಳು. ಅಷ್ಟು ತಿಳಿಯಾದ ನೀರು ನನಗೆ ಒಂದು ದಿನವೂ ಸಿಕ್ಕಿರಲಿಲ್ಲ. ಪುಸ್ತಕ ಮುಚ್ಚಿ, ಬಸ್ಸಿಗೆ ಹೊತ್ತಾಯಿತು ಎಂದು ಎದ್ದೆ.