ಮಾವನವರ ಕ್ಯಾನು

ನಮ್ಮ ಮಾವನವರ ಎರಡೂ ಕಿಡ್ನಿ ಸೊರಗುತ್ತಿವೆ ಎಂದು ಗೊತ್ತಾಗಿ ವರ್ಷದ ಮೇಲಾಗಿತ್ತು. ಡಯಾಲಿಸಿಸ್ ಈಗಲೇ ಶುರು ಮಾಡಬೇಕೋ, ಇನ್ನಷ್ಟು ದಿನ ತಳ್ಳಬಹುದೋ ಎನ್ನುವುದು ಕಿಡ್ನಿ ಎಷ್ಟು ಕಶ್ಮಲ ಹೊರಹಾಕುತ್ತಿದೆ ಎಂದು ಅಳೆಯುವ ಒಂದು ಪರೀಕ್ಷೆಯ ಮೇಲೆ ನಿಂತಿದೆ ಎಂದರು ಡಾಕ್ಟರು. ಒಂದು ಹಗಲು, ಒಂದು ರಾತ್ರಿ ಹೋದ ಮೂತ್ರವನ್ನೆಲ್ಲ ಒಂದು ಹನಿಯೂ ಬಿಡದೆ ಹಿಡಿದು ಲ್ಯಾಬಿಗೆ ಕೊಡಬೇಕು. ಬಸವೇಶ್ವರನಗರದ ಲ್ಯಾಬಿನಲ್ಲಿ ಬಿಳಿ ಕ್ಯಾನು ಕೊಟ್ಟರು. ಮಾವ ಅದನ್ನು ಮುಟ್ಟಲಿಲ್ಲ. ಸೊಸೆಯಾದ ನಾನೇ ಬಟ್ಟೆಯಂಗಡಿಯ ಚೀಲದಲ್ಲಿ ಹಾಕಿ, ಪಕ್ಕದ ಮನೆಯವರಿಗೆ ಕಾಣದಂತೆ ತಂದೆ.

ಕ್ಯಾನನ್ನು ತಣ್ಣಗಿಡಬೇಕಿತ್ತು. ಫ್ರಿಜ್ ಎಂಬ ಮಾತು ನನ್ನ ಬಾಯಿಂದ ಹೊರಟಿದ್ದೇ ಅತ್ತೆ ಅದರ ಬಾಗಿಲಿಗೆ ಬೆನ್ನು ಕೊಟ್ಟು ನಿಂತುಬಿಟ್ಟರು. ಪೂಜೆಗೆ ತೆಗೆದಿಟ್ಟ ಹಾಲು ಇರುವ ಜಾಗವಂತೆ. ಕೊನೆಗೆ ಬಚ್ಚಲಲ್ಲಿ ಬಕೆಟ್ ಇಟ್ಟು, ಐಸು ಸುರಿದು, ಅದರಲ್ಲಿ ಕ್ಯಾನನ್ನು ಕೂರಿಸಿದೆವು. ಕರಗಿದಾಗಲೆಲ್ಲ ಐಸು ಬದಲಾಯಿಸುವ ಕೆಲಸ ಅತ್ತೆಯದು. ಅದನ್ನೂ ಅವರು ಭಕ್ತಿಯಿಂದಲೇ ಮಾಡಿದರು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಹೇಳುವವಳು. ಏನೇನು ಮಾಡಬೇಕೆಂದು ಮತ್ತೆ ಮತ್ತೆ ಹೇಳಿ, ಇಬ್ಬರಿಂದಲೂ ಪಾಠ ಒಪ್ಪಿಸಿಕೊಂಡು ಕೆಲಸಕ್ಕೆ ಹೋದೆ. ನಾನು ಆ ಕಡೆ ಹೋದದ್ದೇ ತಡ, ಮಾವ ಹೇರೋಹಳ್ಳಿಯಲ್ಲಿ ಸ್ನೇಹಿತರೊಬ್ಬರ ಗೃಹಪ್ರವೇಶಕ್ಕೆ ಹೊರಟಿದ್ದಾರೆ. ಊಟ ಮುಗಿಸಿ, ಅಗೆದು ಹಾಕಿದ ರಸ್ತೆಯಲ್ಲಿ ಆಟೋ ಸಿಗದೆ, ನಾನು ಬರುವ ಸ್ವಲ್ಪ ಮುಂಚೆ ಮನೆ ಸೇರಿದ್ದಾರೆ. ಇದು ನನಗೆ ಗೊತ್ತಾದದ್ದು ಆಮೇಲೆ. ಸಂಜೆ ಬಂದು ನೋಡಿದರೆ ಕ್ಯಾನಿನ ಮಟ್ಟ ಲಕ್ಷಣವಾಗಿ ಏರಿತ್ತು. ಇಬ್ಬರನ್ನೂ ಮಕ್ಕಳನ್ನು ಹೊಗಳುವಂತೆ ಹೊಗಳಿದೆ.

ರಿಪೋರ್ಟು ಯಾರೂ ನಿರೀಕ್ಷಿಸದಷ್ಟು ಚೆನ್ನಾಗಿ ಬಂತು. ಡಾಕ್ಟರು ಇನ್ನೊಮ್ಮೆ ಓದಿ, "ಹೀಗಿದ್ರೆ ಸದ್ಯಕ್ಕೆ ಡಯಾಲಿಸಿಸ್ ಬೇಡ, ನೋಡೋಣ" ಎಂದರು. ಮಾವ ದಾರಿಯಲ್ಲೇ ಬಾಳೆಹಣ್ಣು ಕೊಂಡರು. ಕಿಡ್ನಿಗೆ ಆಗದು ಎಂದು ವರ್ಷದಿಂದ ಬಿಡಿಸಿದ್ದ ಹಣ್ಣು. ಅಂದು ಬೇಡವೆನ್ನಲು ನನಗೂ ಮನಸ್ಸಾಗಲಿಲ್ಲ. ಮನೆಗೆ ಬಂದು ಒಂದನ್ನು ತಿಂದು, ಇನ್ನೊಂದರ ಸಿಪ್ಪೆ ಸುಲಿಯುತ್ತಿದ್ದಾಗ ಅತ್ತೆ ನನ್ನನ್ನು ಅಡುಗೆಮನೆಗೆ ಕರೆದರು.

"ಅವರಿಗೆ ಅದನ್ನ ತಿನ್ನಬೇಡಿ ಅನ್ನು. ಆವತ್ತು ಅವರು ಹೇರೋಹಳ್ಳಿಗೆ ಹೋಗಿದ್ರು ಕಣೇ. ಅಲ್ಲಿ ಆಗಿದ್ದೆಲ್ಲ ಕ್ಯಾನಿಗೆ ಬರಲಿಲ್ವಲ್ಲ."

"ಮತ್ತೆ ಅಷ್ಟೊಂದು ಹೇಗಿತ್ತು ಅತ್ತೆ?"

"ಕಡಿಮೆ ಆದ್ರೆ ನೀನು ಬೈತೀಯ ಅಂತ, ಅಷ್ಟು ಹೊತ್ತಿಂದು ನಾನೇ ಹಾಕ್ದೆ. ನಂದೇ." ಅವರು ತಲೆ ಎತ್ತಲಿಲ್ಲ. "ಇಷ್ಟು ವರ್ಷದಿಂದ ಇಬ್ರೂ ಒಂದೇ ಪಾತ್ರೇಲಿ ಬೇಯಿಸಿದ್ದು ತಿಂತಾ ಇದೀವಿ. ಕುಡಿಯೋದೂ ಒಂದೇ ನೀರು. ಏನು ವ್ಯತ್ಯಾಸ ಬರತ್ತೆ ಅನ್ಕೊಂಡೆ."

ನನಗೆ ಕೋಪ ನೆತ್ತಿಗೇರಿತು. ರಿಪೋರ್ಟಿನಲ್ಲಿ ಅಷ್ಟು ಚೆನ್ನಾಗಿ ಕೆಲಸ ಮಾಡಿದ್ದು ಅತ್ತೆಯ ಕಿಡ್ನಿ. ಹೊರಗೆ ಮಾವ ಆಫೀಸಿನಲ್ಲಿದ್ದ ನನ್ನ ಗಂಡನಿಗೆ ಫೋನು ಮಾಡಿ, ದೊಡ್ಡ ದನಿಯಲ್ಲಿ ಸುದ್ದಿ ಹೇಳುತ್ತಿದ್ದರು. ಆ ಸಂತೋಷವನ್ನು ಅವರಿಂದ ಕಿತ್ತುಕೊಳ್ಳಬೇಕಾದವಳು ನಾನು. ಅಷ್ಟು ಅಸಹಾಯಕಳಾಗಿ ನಾನು ಯಾವತ್ತೂ ಆ ಅಡುಗೆಮನೆಯಲ್ಲಿ ನಿಂತಿರಲಿಲ್ಲ.

ಹೇಳಿದೆ. ಮಾವ ಪೂರ್ತಿ ಕೇಳಿಸಿಕೊಂಡು, ಉಳಿದ ಹಣ್ಣುಗಳನ್ನು ಟವೆಲಿನಲ್ಲಿ ಸುತ್ತಿ ಬದಿಗಿಟ್ಟರು. ಕಾಫಿ ತಡವಾದರೆ ಮನೆಯೆಲ್ಲ ಒಂದು ಮಾಡುವ ಮನುಷ್ಯ, ಅತ್ತೆಗೆ ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಡಾಕ್ಟರು ಮತ್ತೆ ಮಾಡಿಸಿ ಎಂದರು. ಈ ಸಲ ನಾನು ರಜೆ ಹಾಕಿ ಮನೆಯಲ್ಲಿ ಕೂತೆ. ಮಾವ ಗೇಟು ದಾಟಲಿಲ್ಲ, ಒಂದು ಹನಿ ಆಚೆ ಹೋಗಲಿಲ್ಲ. ಆದರೂ ಕ್ಯಾನಿನ ಮಟ್ಟ ಹೋದ ಸಲದಷ್ಟು ಏರಲಿಲ್ಲ. ಮರುದಿನ ಬೆಳಿಗ್ಗೆ ಕೊನೆಯದನ್ನೂ ಹಾಕಿದ ಮೇಲೆ ಮಾವ ಮೊದಲ ಸಲ ತಾವೇ ಕ್ಯಾನನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ತುಂಬ ಹೊತ್ತು ನೋಡಿದರು. ಆಮೇಲೆ ಬಚ್ಚಲ ಬಾಗಿಲಲ್ಲಿ ನಿಂತಿದ್ದ ಅತ್ತೆಯ ಕಡೆ ತಿರುಗಿದರು.

"ಈ ಸಲಾನೂ ಒಂಚೂರು ಹಾಕ್ತೀಯೇನೇ?"

ತಮಾಷೆಗೆ ಅಂದರು ಎಂದುಕೊಂಡು ನಗಲು ಹೊರಟೆ. ಅವರು ನಗುತ್ತಿರಲಿಲ್ಲ. ಅತ್ತೆ ಅಪ್ಪಣೆ ಕೇಳುವವರಂತೆ ನನ್ನ ಮುಖ ನೋಡಿದರು. ನಾನು ಮಾವನ ಕೈಯಿಂದ ಕ್ಯಾನು ಇಸಿದುಕೊಂಡು, ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿದೆ.