ಏಳರ ಮಗ್ಗಿಯ ಜಡೆ

ಅಮ್ಮ ಬೆಳಗಿನ ಪಾಳಿಗೆ ಹೊರಟುಬಿಡುತ್ತಿದ್ದಳು. ಹಾಗಾಗಿ ಬಟವಾಡಿ ಬಡಾವಣೆಯ ಬಾಡಿಗೆ ಮನೆಯಲ್ಲಿ ಇದ್ದಷ್ಟು ದಿನ ನನಗೆ ಎರಡು ಜಡೆ ಹಾಕುತ್ತಿದ್ದದ್ದು ಪಕ್ಕದ ಮನೆ ಆಂಟಿ. ಮೆಟ್ಟಿಲ ಮೇಲೆ ಕೂರಿಸಿ, ರಿಬ್ಬನ್ನನ್ನು ಹಲ್ಲಲ್ಲಿ ಕಚ್ಚಿಕೊಂಡು, ಜಡೆಯ ಒಂದೊಂದು ಹೆಣಿಗೆಗೂ ಮಗ್ಗಿಯ ಒಂದೊಂದು ಸಾಲು ಹೇಳಿಸುತ್ತಿದ್ದರು. ತಪ್ಪಿದರೆ ಬೈಗುಳವಿಲ್ಲ, ಏಟಿಲ್ಲ. ಹಾಕಿದ ಜಡೆಯನ್ನು ಸರ್ರನೆ ಬಿಚ್ಚಿ, "ಮೊದ್ಲಿಂದ ಕಣೇ" ಅನ್ನುತ್ತಿದ್ದರು.

ನಾಲ್ಕನೇ ಕ್ಲಾಸಿನಲ್ಲಿ ಮಿಸ್ಸು ಏಳರ ಮಗ್ಗಿ ಕೇಳುವ ದಿನ ಬಂತು. ಏಳೆಂಟ್ಲ ಹತ್ತಿರ ಮೂರು ಸಲ ಎಡವಿದೆ. ಇನ್ನೂ ಒಂದು ಜಡೆ ಬಾಕಿ ಇರುವಾಗಲೇ ಸಿಟಿ ಬಸ್ಸಿನ ಹಾರ್ನ್ ಕೇಳಿತು.

"ಸುಮ್ನೆ ಹಾಕ್ಬಿಡಿ ಆಂಟಿ, ಬಸ್ ಹೋಗುತ್ತೆ" ಅಂತ ಅಳುಮುಖ ಮಾಡಿದೆ.

"ಬಸ್ಸಲ್ಲೂ ಹೇಳ್ಬಹುದು, ನಡಿ" ಅಂದವರೇ, ನನ್ನ ಕೂದಲು ಬಿಡದೆ ಬಸ್ಸು ಹತ್ತಿದರು.

ಕಂಬಿಗೆ ಒರಗಿ ನಿಂತು ಮತ್ತೆ ಹೆಣೆಯತೊಡಗಿದರು. ಏಳೆಂಟ್ಲ ಬಂತು, ನಾನು ನಿಂತೆ. ಕಂಡಕ್ಟರ್ ತಡೆಯಲಾರದೆ "ಐವ..." ಅಂದ.

"ಯಾರೂ ಹೇಳ್ಕೊಡ್ಬೇಡಿ!" ಆಂಟಿ ಗದರಿದರು.

ಇಡೀ ಬಸ್ಸು ಬಾಯಿ ಮುಚ್ಚಿಕೊಂಡಿತು. ಆಂಟಿ ಜಡೆ ಬಿಚ್ಚಿದರು. "ಮೊದ್ಲಿಂದ ಕಣೇ."

ಶಾಲೆಗೆ ನಾನು ಇಳಿಯಬೇಕಿದ್ದ ಟೌನ್‌ಹಾಲ್ ಸ್ಟಾಪಿನಲ್ಲಿ "ಏಳ್ ಹತ್ಲ ಎಪ್ಪತ್ತು" ಅಂದಾಗಲೇ ರಿಬ್ಬನ್ನಿಗೆ ಗಂಟು ಬಿದ್ದದ್ದು. ಜನರೆಲ್ಲ ನಗುತ್ತಿದ್ದರು, ಆಂಟಿ ನಗಲಿಲ್ಲ. ಇಳಿದು, ರಸ್ತೆ ದಾಟಿ, ವಾಪಸು ಬಸ್ಸಿಗೆ ಕಾಯುತ್ತಾ ನಿಂತರು. ಅವರ ಕಾಲಲ್ಲಿ ಚಪ್ಪಲಿ ಇಲ್ಲದ್ದನ್ನು ನಾನು ನೋಡಿದ್ದು ಆಗಲೇ.

ಈಗಲೂ ಯಾರಾದರೂ ಏಳೆಂಟ್ಲ ಎಷ್ಟು ಅಂದರೆ ಮೊದಲು ನೆತ್ತಿಯ ಕೂದಲು ಎಳೆದಂತಾಗುತ್ತದೆ. ಐವತ್ತಾರು ಆಮೇಲೆ ಬರುತ್ತದೆ.